ಪ್ರಭಾವಳಿ ಕಟ್ಟಿಸಿಕೊಂಡ ಮೂರನೇ ಪೆಟ್ಟಿಗೆ

ನೆಲದ ಮೇಲೆ ಸೀಮೆಸುಣ್ಣದಲ್ಲಿ ಒಂದು ಗುರುತು ಹಾಕಬೇಕು. ಸೊಂಟಕ್ಕೆ ಟ್ಯಾಗ್ ಕಟ್ಟಿಕೊಂಡು ಆ ಗುರುತಿನ ಮೇಲೆ ನಿಲ್ಲಬೇಕು. ಪೂರ್ವಕ್ಕೆ ಮುಖ ಮಾಡಿ ಮನಸ್ಸಿನಲ್ಲೇ ಮೂವತ್ತು ಎಣಿಸಬೇಕು. ಆಮೇಲೆ ದಕ್ಷಿಣಕ್ಕೆ, ಪಶ್ಚಿಮಕ್ಕೆ, ಉತ್ತರಕ್ಕೆ. ಮೂರು ಹೆಜ್ಜೆ ನಡೆದು ಇನ್ನೊಂದು ಗುರುತಿನ ಮೇಲೆ ನಿಂತು ಮತ್ತೆ ಅದೇ ಸುತ್ತು. ಉದ್ಯೋಗದ ಕೊನೆಯ ಹನ್ನೆರಡು ವರ್ಷ ನಾನು ಮಾಡಿದ್ದು ಹೆಚ್ಚಾಗಿ ಇದನ್ನೇ. ವೈಟ್‌ಫೀಲ್ಡಿನ ಒಂದು ಗೋದಾಮಿನಲ್ಲಿ ಲಾರಿಯಿಂದ ಸರಕು ಇಳಿಸುವವರು ಎರಡು ದಿನ ನನ್ನನ್ನು ನೋಡಿ, ಹರಕೆ ಹೊತ್ತವನಿರಬೇಕು ಎಂದು ತೀರ್ಮಾನಿಸಿದ್ದರು. ಮೂರನೇ ದಿನ ಒಬ್ಬ ಹತ್ತಿರ ಬಂದು, ಯಾವ ದೇವರಿಗೆ ಅಣ್ಣ ಇದು ಎಂದು ಭಕ್ತಿಯಿಂದಲೇ ಕೇಳಿದ. ವೈಫೈ ದೇವರು ಎಂದೆ. ಅವನು ಚಪ್ಪಲಿ ಬಿಟ್ಟು ನಿಂತ.

ಈ ಕೆಲಸಕ್ಕೆ ಈಗ ಹೊಸದಾಗಿ ಬರುತ್ತಿರುವವರು ನನ್ನನ್ನು ಫೋನಿನಲ್ಲಿ ಏನೇನೋ ಕೇಳುತ್ತಿರುತ್ತಾರೆ. ಎಲ್ಲರಿಗೂ ಬೇರೆ ಬೇರೆ ಹೇಳುವ ಬದಲು ಒಂದೇ ಸಲ ಬರೆದಿಡೋಣ ಎಂದು ಕೂತಿದ್ದೇನೆ. ನಾನು ಎಸ್ಸೆಸ್ಸೆಲ್ಸಿಯವರೆಗೆ ಓದಿದವನು, ಅದನ್ನೂ ಎರಡನೇ ಸಲಕ್ಕೆ ಪಾಸು ಮಾಡಿದವನು. ತಪ್ಪಿದ್ದರೆ ತಿದ್ದಿಕೊಳ್ಳಿ. ಇದರೊಳಗೆ ನಾನು ಒಪ್ಪಿಕೊಳ್ಳಬೇಕಾದ ಒಂದು ದೊಡ್ಡ ತಪ್ಪೂ ಇದೆ. ಮೊದಲೇ ಹೇಳಿದರೆ ಉಳಿದದ್ದನ್ನು ನೀವು ಓದುವುದಿಲ್ಲ, ಕೊನೆಯವರೆಗೆ ಇಟ್ಟುಕೊಂಡರೆ ಮತ್ತೊಮ್ಮೆ ಬಚ್ಚಿಟ್ಟಂತೆ ಆಗುತ್ತದೆ. ಅದಕ್ಕೇ ನಡುವೆ ಇಡುತ್ತೇನೆ.

ಮೊದಲು ಕೆಲಸದ ವಿಷಯ. ಟ್ಯಾಗ್ ಎಂದರೆ ಬೆಂಕಿಪೆಟ್ಟಿಗೆಯಷ್ಟು ದೊಡ್ಡ ಪ್ಲಾಸ್ಟಿಕ್ ತುಂಡು, ಒಳಗೊಂದು ಬಿಲ್ಲೆ ಬ್ಯಾಟರಿ. ಕೆಲವು ಕ್ಷಣಕ್ಕೊಮ್ಮೆ ಅದು ನಾನಿಲ್ಲಿದ್ದೇನೆ, ನಾನಿಲ್ಲಿದ್ದೇನೆ ಎಂದು ಕೂಗುತ್ತದೆ. ನಮ್ಮ ಕಿವಿಗೆ ಕೇಳುವುದಿಲ್ಲ. ಸೂರಿನ ಕೆಳಗೆ ನಾವು ಸಿಕ್ಕಿಸಿರುವ ಬಿಳಿ ಪೆಟ್ಟಿಗೆಗಳಿಗೆ ಕೇಳುತ್ತದೆ. ಯಾವ ಪೆಟ್ಟಿಗೆಗೆ ಎಷ್ಟು ಜೋರಾಗಿ ಕೇಳಿಸಿತು ಎಂಬುದರ ಮೇಲೆ ಕಂಪ್ಯೂಟರ್ ನಕ್ಷೆಯಲ್ಲಿ ಒಂದು ಹಸಿರು ಚುಕ್ಕೆ ಇಡುತ್ತದೆ. ಟ್ಯಾಗನ್ನು ಯಾವ ವಸ್ತುವಿಗೆ ಕಟ್ಟಿದ್ದೀರೋ ಆ ವಸ್ತು ಅಲ್ಲಿದೆ ಎಂದರ್ಥ. ಇಷ್ಟೇ ವಿದ್ಯೆ. ಇದನ್ನು ಅರ್ಥ ಮಾಡಿಕೊಂಡ ದಿನ ನನಗೆ ಎಷ್ಟು ಸಂತೋಷವಾಯಿತೆಂದರೆ ಮನೆಗೆ ಬಂದು ಹೆಂಡತಿಯ ಬಳೆಪೆಟ್ಟಿಗೆ, ದೋಸೆಕಾವಲಿ, ಬೀಗದ ಕೈ ಎಲ್ಲಕ್ಕೂ ಟ್ಯಾಗ್ ಕಟ್ಟಿದಂತೆ ಕನಸು ಕಂಡೆ.

ಆದರೆ ಆ ಕೂಗಿಗೆ ಇಬ್ಬರು ಶತ್ರುಗಳು. ನೀರು ಅದನ್ನು ಕುಡಿದುಬಿಡುತ್ತದೆ, ಲೋಹ ಅದನ್ನು ಎತ್ತೆತ್ತಲೋ ಎಸೆಯುತ್ತದೆ. ಮನುಷ್ಯನ ಮೈಯಲ್ಲೂ ಬರೀ ನೀರೇ ಆದ್ದರಿಂದ ನಾನು ನಾಲ್ಕು ದಿಕ್ಕಿಗೆ ತಿರುಗಬೇಕಾಗುತ್ತಿತ್ತು. ನನ್ನ ಹೊಟ್ಟೆ ಅಡ್ಡ ಬಂದಾಗ ಎಷ್ಟು ಕೇಳುತ್ತದೆ, ಬರದಿದ್ದಾಗ ಎಷ್ಟು ಕೇಳುತ್ತದೆ ಎಂದು ಪೆಟ್ಟಿಗೆಗಳು ಕಲಿಯಬೇಕಲ್ಲ. ಆ ವೈಟ್‌ಫೀಲ್ಡಿನ ಗೋದಾಮಿನಲ್ಲೇ ಕುಡಿಯುವ ನೀರಿನ ಬಾಟಲಿಗಳ ರಟ್ಟಿನ ಡಬ್ಬಗಳಿಗೆ ಟ್ಯಾಗ್ ಹಾಕಿ, ಚುಕ್ಕೆಗಳೆಲ್ಲ ಮಾಯವಾದಾಗ ಒಂದರ ಹಿಂದೊಂದು ಮೂರು ಪೆಟ್ಟಿಗೆ ಬದಲಾಯಿಸಿದ ಮಹಾನುಭಾವ ನಾನು. ಪೆಟ್ಟಿಗೆ ಕೆಟ್ಟಿದೆ ಎಂದು ದೂರು ಬರೆದೆ, ಕೇಬಲ್ ಕೆಟ್ಟಿದೆ ಎಂದು ಇನ್ನೊಂದು ಬರೆದೆ. ಚಪ್ಪಲಿ ಬಿಟ್ಟು ನಿಂತಿದ್ದ ಅದೇ ಮನುಷ್ಯ ಕೊನೆಗೆ, ನೀರಿನ ಲೋಡು ಹೊರಟೋದ್ಮೇಲೆ ನಿಮ್ ದೇವ್ರು ಸರಿಯೋಗ್ತಾನೆ ಬಿಡಿ ಅಣ್ಣ ಎಂದ. ಹಾಗೇ ಆಯಿತು. ಅವತ್ತಿನಿಂದ ಸರಕು ಇಳಿಸುವವರನ್ನು ಕೇಳದೆ ನಾನು ಯಾವ ಪೆಟ್ಟಿಗೆಯನ್ನೂ ಬಿಚ್ಚಲಿಲ್ಲ.

ಎಲೆಕ್ಟ್ರಾನಿಕ್ ಸಿಟಿಯ ಕಡೆ ಒಂದು ಆಸ್ಪತ್ರೆಯಲ್ಲಿ ಗಾಲಿಕುರ್ಚಿಗಳಿಗೆ ಟ್ಯಾಗ್ ಹಾಕಿದೆವು. ಕೂಗು ಕಾಂಕ್ರೀಟ್ ತೂರಿ ಮೇಲಿನ ಮಹಡಿಗೂ ಹೋಗುತ್ತದೆ ಎನ್ನುವುದು ನಮಗೆ ಆಮೇಲೆ ಹೊಳೆಯಿತು. ಅದು ಹೊಳೆದ ಮರುದಿನ ಒಂದು ಕುರ್ಚಿ ಎರಡನೇ ಮಹಡಿ, ನಾಲ್ಕನೇ ಮಹಡಿ, ನೆಲಮಹಡಿ ಎಂದು ಓಡಾಡತೊಡಗಿತು. ಸೆಕ್ಯುರಿಟಿಯವರು ಅದರ ಹಿಂದೆ ಮೆಟ್ಟಿಲು ಹತ್ತಿ, ಇಳಿದು, ಮತ್ತೆ ಹತ್ತಿದರು. ಇದೂ ಕಾಂಕ್ರೀಟಿನ ಆಟವೇ ಎಂದು ನಾನು ಅವರಿಗೆ ಉದ್ದುದ್ದ ವಿವರಿಸಿದೆ. ಮಧ್ಯಾಹ್ನದ ಹೊತ್ತಿಗೆ ಗೊತ್ತಾಯಿತು, ಯಾರೋ ಕುರ್ಚಿಯನ್ನು ಲಿಫ್ಟಿನೊಳಗೇ ಬಿಟ್ಟು ಹೋಗಿದ್ದರು, ಬಾಗಿಲು ತೆರೆದಾಗಲೆಲ್ಲ ಅದು ಕೂಗುತ್ತಿತ್ತು. ಪಾಪ, ನಮ್ಮ ಪೆಟ್ಟಿಗೆ ನಿಜವನ್ನೇ ಹೇಳುತ್ತಿತ್ತು.

ಸಣ್ಣ ತಪ್ಪೊಂದನ್ನು ಇಲ್ಲೇ ಒಪ್ಪಿಕೊಂಡುಬಿಡುತ್ತೇನೆ. ಚಂದಾಪುರದ ಒಂದು ಗೋದಾಮಿನಲ್ಲಿ, ಬಿಸಿಲಿಗೆ ತಗಡಿನ ಸೂರು ಕಾದು ತಲೆ ಸುತ್ತುತ್ತಿತ್ತು. ಕೊನೆಯ ಎರಡು ಸಾಲಿನ ಗುರುತುಗಳ ಮೇಲೆ ನಾನು ನಿಲ್ಲಲೇ ಇಲ್ಲ. ಪಕ್ಕದ ಸಾಲಿನಲ್ಲೇ ಫ್ಯಾನಿನ ಕೆಳಗೆ ನಿಂತು ಆ ಗುರುತುಗಳ ಹೆಸರಿನಲ್ಲಿ ತಿರುಗಿದೆ. ಆ ಗೋದಾಮಿನಲ್ಲಿ ಇವತ್ತಿಗೂ ಮೂಲೆಯ ಸರಕೆಲ್ಲ ಫ್ಯಾನಿನ ಕೆಳಗೆ ಇರುವಂತೆ ತೋರಿಸುತ್ತಿರಬಹುದು. ಅಲ್ಲಿ ಕೆಲಸ ಮಾಡುವವರು ಕ್ಷಮಿಸಬೇಕು.

ಇನ್ನು ದೊಡ್ಡದು.

ಪೀಣ್ಯದಲ್ಲಿ ಯಂತ್ರದ ಬಿಡಿಭಾಗ ಮಾಡುವ ಒಂದು ಕಾರ್ಖಾನೆಯಲ್ಲಿ ನಮ್ಮ ಕೆಲಸ ನಡೆಯುತ್ತಿತ್ತು. ನನ್ನ ಮೇಲಿನವರು ಸ್ಮಿತಾ ಮೇಡಂ, ಇಂಜಿನಿಯರು, ಮಗಳ ವಯಸ್ಸಿನವರು, ಚುರುಕು ಎಂದರೆ ಚುರುಕು. ಅಷ್ಟರಲ್ಲಿ ಹೊಸ ಥರದ ಪೆಟ್ಟಿಗೆಗಳು ಬಂದಿದ್ದವು. ಅವು ಒಂದರ ಕೂಗನ್ನು ಇನ್ನೊಂದು ಕೇಳಿಕೊಂಡು ತಮ್ಮಷ್ಟಕ್ಕೇ ನಕ್ಷೆ ಕಲಿಯುತ್ತಿದ್ದವು. ಮೇಡಂ ಮೊದಲ ದಿನವೇ, ಇನ್ಮೇಲೆ ಚಾಕ್‌ಪೀಸ್ ಬೇಡ ಮುನಿರಾಜಣ್ಣ, ತಿರುಗೋದೂ ಬೇಡ, ಆರಾಮಾಗಿರಿ ಎಂದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ಆದರೆ ನನಗೆ ಏನೋ ಕಳಚಿದ ಹಾಗಾಯಿತು. ಏಣಿ ಹತ್ತು, ಸ್ಕ್ರೂ ಬಿಗಿ ಮಾಡು, ಇಳಿ. ಅದನ್ನು ಯಾರು ಬೇಕಾದರೂ ಮಾಡಬಹುದಿತ್ತು. ಸೀಮೆಸುಣ್ಣದ ತುಂಡನ್ನು ಮಾತ್ರ ಜೇಬಿನಿಂದ ತೆಗೆಯಲಿಲ್ಲ.

ಆ ಸ್ಥಿತಿಯಲ್ಲಿ ಆಯುಧಪೂಜೆ ಬಂತು. ಪೀಣ್ಯದ ಆಯುಧಪೂಜೆಯನ್ನು ನೋಡದವರಿಗೆ ಹೇಳಿ ತಿಳಿಸುವುದು ಕಷ್ಟ. ಲೇತಿಗೆ ವಿಭೂತಿ, ಪ್ರೆಸ್ಸಿಗೆ ಕುಂಕುಮ, ಸಾಮಾನು ಎತ್ತುವ ಗಾಡಿಗೆ ಎರಡು ಬಾಳೆಕಂದು, ಸ್ಪ್ಯಾನರುಗಳಿಗೆ ಒಂದೊಂದು ಸೇವಂತಿಗೆ. ಕಾಫಿ ಯಂತ್ರಕ್ಕೂ ಹಾರ ಹಾಕಿದ್ದರು. ನಾನು ಕತ್ತೆತ್ತಿ ನೋಡಿದೆ. ನನ್ನ ನಾಲ್ಕು ಬಿಳಿ ಪೆಟ್ಟಿಗೆಗಳು ಸೂರಿನ ಕೆಳಗೆ ಬೋಳುಬೋಳಾಗಿ ಕೂತಿದ್ದವು. ಯಾರಿಗೂ ಅವು ಆಯುಧವೆಂದು ಅನ್ನಿಸಿರಲಿಲ್ಲ. ನನಗೆ ಹೊಟ್ಟೆ ಉರಿಯಿತು, ಸುಳ್ಳೇಕೆ ಹೇಳಲಿ.

ಹೀಗಾಗುತ್ತದೆಂದು ಹಿಂದಿನ ದಿನವೇ ನನಗೆ ಗೊತ್ತಿತ್ತು, ಸಿದ್ಧವಾಗಿಯೇ ಬಂದಿದ್ದೆ. ಮನೆಯಲ್ಲಿ ಹಳೆಯ ರಟ್ಟು ಕತ್ತರಿಸಿ, ಚಪಾತಿ ಸುತ್ತುವ ಬೆಳ್ಳಿ ಬಣ್ಣದ ಅಲ್ಯೂಮಿನಿಯಂ ಹಾಳೆ ಅಂಟಿಸಿ, ದೇವರ ವಿಗ್ರಹದ ಹಿಂದೆ ಇರುತ್ತದಲ್ಲ, ಅಂಥ ಪ್ರಭಾವಳಿ ಮಾಡಿದ್ದೆ. ಮೇಲೆ ಸಿಂಹದ ಮುಖ, ಅಂಚಿಗೆ ಜ್ವಾಲೆ. ನಾಲ್ಕೂ ಪೆಟ್ಟಿಗೆಗೆ ನಾಲ್ಕು. ಮೂರನೆಯದಕ್ಕೆ ಹಾಳೆ ಸ್ವಲ್ಪ ಮಿಕ್ಕಿದ್ದರಿಂದ ಅದರದು ಎಲ್ಲಕ್ಕಿಂತ ದೊಡ್ಡದಾಯಿತು. ಆ ಮೂರನೇ ಪೆಟ್ಟಿಗೆ ಇದ್ದದ್ದು ಟೂಲ್ ಸ್ಟೋರಿನ ಮುಂದೆ. ಬೆಳಗ್ಗೆ ಏಣಿ ಹತ್ತಿ ಕಟ್ಟಿ ಇಳಿದಾಗ ಇಡೀ ಶೆಡ್ಡು ಚಪ್ಪಾಳೆ ಹೊಡೆಯಿತು. ಸಕ್ಕತ್ತಾಗೈತೆ ಗುರು ಎಂದರು. ನಾನು ಆಕಾಶದಲ್ಲಿದ್ದೆ. ಪೆಟ್ಟಿಗೆಯ ಸುತ್ತ ಲೋಹ ಇಡಬಾರದು ಎನ್ನುವುದು ಈ ಕೆಲಸದ ಮೊದಲ ಪಾಠ. ಹೊಸಬರಿಗೆಲ್ಲ ಅದನ್ನು ಹೇಳಿಕೊಡುತ್ತಿದ್ದವನು ನಾನೇ. ಅವತ್ತು ಆ ಪಾಠ ತಲೆಯಲ್ಲಿ ಸುಳಿಯಲೂ ಇಲ್ಲ.

ಪೂಜೆಗೆ ಟೂಲ್ ಸ್ಟೋರಿನ ಮುಂದೆಯೇ ಪೀಠ ಹಾಕಿದ್ದರು. ಸ್ಟೋರು ನೋಡಿಕೊಳ್ಳುತ್ತಿದ್ದವರು ಶಾಂತವ್ವ. ಗದಗಿನ ಕಡೆಯವರು, ರಾಜಗೋಪಾಲನಗರದಲ್ಲಿ ಬಾಡಿಗೆ ಕೋಣೆ. ಕೂಲಿಯವರಾಗಿ ಸೇರಿ, ಒಂದು ತುಂಡು ಕಬ್ಬಿಣವೂ ಆಚೀಚೆ ಆಗದಂತೆ ನೋಡಿಕೊಂಡು ಸ್ಟೋರಿನ ಬೀಗದ ಕೈ ಸಂಪಾದಿಸಿದ ಹೆಣ್ಣುಮಗಳು. ಆ ಕೈಯನ್ನು ತಾಳಿಯ ಜೊತೆಗೇ ಕೊರಳಿಗೆ ಹಾಕಿಕೊಂಡಿರುತ್ತಿದ್ದರು. ಸ್ಟೋರಿನಲ್ಲಿ ಎಲ್ಲಕ್ಕಿಂತ ಬೆಲೆಯುಳ್ಳದ್ದು ಒಂದು ಮರದ ಪೆಟ್ಟಿಗೆ. ಅದರೊಳಗೆ ಅಳತೆ ಸರಿಯಿದೆಯೇ ಎಂದು ನೋಡುವ ಉಕ್ಕಿನ ಬಿಲ್ಲೆಗಳು. ಅದನ್ನು ಗೇಜ್ ಪೆಟ್ಟಿಗೆ ಎನ್ನುತ್ತಾರೆ. ಅದಿಲ್ಲದೆ ಕಾರ್ಖಾನೆಯಿಂದ ಒಂದು ಮಾಲೂ ಹೊರಗೆ ಹೋಗುವಂತಿಲ್ಲ. ಶಾಂತವ್ವ ಅದನ್ನು ತಾವೇ ತಂದು ದೇವರ ಪಟದ ಮುಂದೆ ಇಟ್ಟರು. ಅದಕ್ಕೂ ನಮ್ಮ ಟ್ಯಾಗ್ ಇತ್ತು. ಮಂಗಳಾರತಿ ಆಯಿತು, ಬೂದುಗುಂಬಳ ಒಡೆದರು, ಪುರಿ ಹಂಚಿದರು, ಬಸ್ಸು ಹೊರಡುತ್ತದೆಂದು ಎಲ್ಲರೂ ಓಡಿದರು.

ರಜೆ ಮುಗಿದ ಬೆಳಗ್ಗೆ ನಾನು ಮೊದಲು ಬಂದೆ. ಫೋನಿನಲ್ಲಿ ನಕ್ಷೆ ತೆರೆದರೆ ಚುಕ್ಕೆಗಳು ಕುಣಿಯುತ್ತಿದ್ದವು. ಸ್ಟೋರಿನ ಒಳಗಿನ ಟ್ರಾಲಿಗಳು ಗೇಟಿನಾಚೆ ರಸ್ತೆಯಲ್ಲಿ ನಿಂತಿದ್ದವು. ಪ್ರಭಾವಳಿಯ ಅಲ್ಯೂಮಿನಿಯಂ ಕೂಗನ್ನೆಲ್ಲ ಗೇಟಿನ ಕಡೆಗೆ ಎಸೆಯುತ್ತಿದೆ ಎಂದು ಆಗ ಹೊಳೆಯಿತು. ಒಬ್ಬನೇ ಹೊಟ್ಟೆ ಹಿಡಿದುಕೊಂಡು ನಕ್ಕೆ. ನಾಲ್ಕನ್ನೂ ಬಿಚ್ಚಿ ಗೋಣಿಚೀಲಕ್ಕೆ ತುಂಬಿದೆ. ಚುಕ್ಕೆಗಳು ಬುದ್ಧಿ ಬಂದಂತೆ ತಮ್ಮ ತಮ್ಮ ಜಾಗಕ್ಕೆ ಬಂದವು. ಅಲ್ಲಿಯವರೆಗೆ ನಾನು ಬರೀ ದಡ್ಡ, ಅಷ್ಟೇ.

ಹತ್ತು ಗಂಟೆಗೆ ಗದ್ದಲ ಎದ್ದಿತು. ಗೇಜ್ ಪೆಟ್ಟಿಗೆ ಇಲ್ಲ. ಫ್ಯಾಕ್ಟರಿ ಮ್ಯಾನೇಜರು ಶ್ರೀಧರ್ ಸಾರ್ ಎಂದು. ಕಂಪ್ಯೂಟರು ಹೇಳಿದ್ದನ್ನು ಬಿಟ್ಟು ಬೇರೆ ಏನನ್ನೂ ನಂಬದವರು. ಅವರು ಪೂಜೆಯ ದಿನದ ದಾಖಲೆಯನ್ನು ತೆಗೆದರು. ಗೇಜ್ ಪೆಟ್ಟಿಗೆಯ ಚುಕ್ಕೆ ಬೆಳಗ್ಗೆಯೇ ಗೇಟಿನ ಹತ್ತಿರ ಹೋಗಿ ನಿಂತಿತ್ತು. ಮಧ್ಯಾಹ್ನ ಅಲ್ಲಿಂದಲೇ ಮಾಯ. ಹೊರಗೆ ಹೋಗಿದೆ ಎಂದು ಕಂಪ್ಯೂಟರು ಹೇಳಿದ ಮೇಲೆ ಒಳಗೆ ಹುಡುಕುವವರು ಯಾರು? ಬೀಗದ ಕೈ ಯಾರ ಕೊರಳಲ್ಲಿತ್ತು ಎಂಬುದೊಂದೇ ಪ್ರಶ್ನೆ ಉಳಿಯಿತು. ಪೀಠದ ಮೇಲೆ ಇಟ್ಟಿದ್ದೆ, ಆರತಿಯ ನಂತರ ಗದ್ದಲದಲ್ಲಿ ನೋಡಲಿಲ್ಲ ಎಂದು ಶಾಂತವ್ವ ಹೇಳಿದ್ದನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಮರುದಿನ ಸ್ಮಿತಾ ಮೇಡಂ ಪರೀಕ್ಷೆಗೆ ಬಂದರು. ಪ್ರತಿ ಪೆಟ್ಟಿಗೆಯನ್ನೂ ನೋಡಿದರು. ಎಲ್ಲ ಸರಿಯಾಗಿತ್ತು, ಎರಡು ಮೊಳದಷ್ಟೂ ವ್ಯತ್ಯಾಸವಿಲ್ಲ. ಕೊನೆಗೆ ಶ್ರೀಧರ್ ಸಾರ್ ಮುಂದೆಯೇ ನನ್ನ ಕಡೆ ತಿರುಗಿ ಕೇಳಿದರು.

"ಮುನಿರಾಜಣ್ಣ, ಹಬ್ಬದ ದಿನ ಬಾಕ್ಸ್‌ಗಳ ಹತ್ರ ಏನಾದ್ರೂ ಚೇಂಜ್ ಆಗಿತ್ತಾ?"

"ಇಲ್ಲ ಮೇಡಂ."

ಎರಡು ಪದ. ಇವತ್ತಿಗೂ ಅವು ನನ್ನ ಬಾಯಲ್ಲಿವೆ. ಕೆಲಸ ಹೋಗುತ್ತದೆಂಬ ಭಯಕ್ಕೆ ಹೇಳಿದೆನೆಂದು ನೀವು ತಿಳಿದುಕೊಳ್ಳಬಹುದು. ನಿವೃತ್ತಿಗೆ ಕೆಲವೇ ತಿಂಗಳಿತ್ತು, ಆ ಭಯ ಅಷ್ಟಿರಲಿಲ್ಲ. ಸೀಮೆಸುಣ್ಣ ಬೇಡವೆಂದವರ ಮುಂದೆ, ಚಪಾತಿ ಹಾಳೆಯಲ್ಲಿ ಕಿರೀಟ ಮಾಡಿದ ಮುದುಕ ಎನ್ನಿಸಿಕೊಳ್ಳಲು ನಾಚಿಕೆಯಾಯಿತು. ಅಷ್ಟಕ್ಕೆ ಒಬ್ಬ ಹೆಣ್ಣುಮಗಳ ಮಾನವನ್ನು ಅಡ ಇಟ್ಟೆ. ಚಪ್ಪಾಳೆ ಹೊಡೆದವರಿಗೆ ಪ್ರಭಾವಳಿ ಬರೀ ಅಲಂಕಾರ, ಶ್ರೀಧರ್ ಸಾರ್ ಅವತ್ತು ಕತ್ತೆತ್ತಿ ನೋಡಿರಲೇ ಇಲ್ಲ. ಪೆಟ್ಟಿಗೆಗಳು ಸರಿಯಾಗಿವೆ ಎಂದು ಮೇಡಂ ವರದಿ ಬರೆದರು. ಶಾಂತವ್ವನ ಕೊರಳಿನ ಬೀಗದ ಕೈ ತೆಗೆಸಿದರು. ಅವರನ್ನು ಪ್ಯಾಕಿಂಗಿಗೆ ಹಾಕಿ, ತಿಂಗಳ ಕೊನೆಯೊಳಗೆ ಪೆಟ್ಟಿಗೆ ಸಿಗದಿದ್ದರೆ ಕೆಲಸದಿಂದ ತೆಗೆಯುವುದಾಗಿ ಹೇಳಿದರು.

ದಿನವೂ ಪ್ಯಾಕಿಂಗ್ ವಿಭಾಗವನ್ನು ದಾಟಿಯೇ ನಾನು ಹೋಗಬೇಕಿತ್ತು. ಐದನೇ ದಿನವೋ ಆರನೇ ದಿನವೋ ಅವರು ನನ್ನನ್ನು ನಿಲ್ಲಿಸಿದರು.

"ಅಣ್ಣಾರ, ನಿಮ್ಮ ಪೆಟ್ಟಿಗಿ ಸುಳ್ಳ ಹೇಳತಾವೇನ್ರಿ?"

"ಪೆಟ್ಟಿಗೆ ಸುಳ್ಳು ಹೇಳಲ್ಲ ಕಣಮ್ಮ" ಎಂದೆ. ಮಾತು ನಿಜವೇ. ಹೇಳಿದವನು ಅದರ ಕೆಳಗೆ ನಿಂತಿದ್ದ.

ಮನೆಯಲ್ಲಿ ಸಿಕ್ಕಿಬಿದ್ದೆ. ಒಂಬತ್ತನೇ ದಿನ ಬೆಳಗ್ಗೆ ಡಬ್ಬಿ ಕಟ್ಟುವಾಗ ನನ್ನ ಹೆಂಡತಿ ಜಯಮ್ಮ, ಹೊಸದಾಗಿ ತಂದ ಚಪಾತಿ ಹಾಳೆಯ ಸುರುಳಿ ಪೂರ್ತಿ ಎಲ್ಲಿ ಹೋಯಿತು ಎಂದು ಕೇಳಿದಳು. ನನಗೆ ಅದೇನಾಯಿತೋ, ಎಲ್ಲ ಹೇಳಿಬಿಟ್ಟೆ. ಅವಳು ಕೈಯಲ್ಲಿದ್ದ ಚಪಾತಿಯನ್ನು ಕೆಳಗಿಟ್ಟು ನನ್ನ ಕಡೆ ತಿರುಗಿದಳು.

"ಪೂಜೆ ಮಾಡ್ದೋರು ನೀವು, ಮಂಗಳಾರತಿ ಆವಮ್ಮಂಗಾ? ಮೊದ್ಲು ಎದ್ದೋಗಿ ಇಲ್ಲಿಂದ."

ಡಬ್ಬಿ ಕೊಡಲಿಲ್ಲ. ನಾನು ಮನೆಗೆ ತಂದಿಟ್ಟಿದ್ದ ಗೋಣಿಚೀಲವನ್ನು ಕೈಗೆ ಕೊಟ್ಟಳು.

ಶ್ರೀಧರ್ ಸಾರ್ ಕೋಣೆಗೆ ಹೋಗಿ ಮೂರನೇ ಪ್ರಭಾವಳಿಯನ್ನು ಚೀಲದಿಂದ ತೆಗೆದು ಅವರ ಮೇಜಿನ ಮೇಲೆ ನಿಲ್ಲಿಸಿದೆ. ಅವರು ಅದನ್ನು ನೋಡಿದರು, ನನ್ನನ್ನು ನೋಡಿದರು.

"ಏನ್ರೀ ಇದು?"

"ಪ್ರಭಾವಳಿ ಸಾರ್. ಶಾಂತವ್ವ ತಪ್ಪು ಮಾಡಿಲ್ಲ. ಮಾಡಿದ್ದು ಇದು, ಕಟ್ಟಿದ್ದು ನಾನು, ಮೇಡಂ ಕೇಳ್ದಾಗ ಸುಳ್ಳು ಹೇಳಿದ್ದೂ ನಾನೇ."

ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಮೇಡಂಗೆ ಫೋನ್ ಮಾಡಿದರು. ಮಧ್ಯಾಹ್ನದ ಊಟವಾದ ಮೇಲೆ ಏಣಿ ತರಿಸಿ, ಎಲ್ಲರ ಎದುರು ನಾಲ್ಕೂ ಪೆಟ್ಟಿಗೆಗೆ ಮತ್ತೆ ಪ್ರಭಾವಳಿ ಕಟ್ಟಿಸಿದರು. ನೂರಾರು ಜನ ಕೆಳಗೆ ನಿಂತು ಕತ್ತೆತ್ತಿ ನೋಡುತ್ತಿದ್ದರು, ಈ ಸಲ ಚಪ್ಪಾಳೆ ಇಲ್ಲ. ಪ್ಯಾಕಿಂಗಿನಿಂದ ಶಾಂತವ್ವನನ್ನೂ ಕರೆಸಿದ್ದರು. ಅವರು ಕಂಬಕ್ಕೆ ಒರಗಿ ದೂರ ನಿಂತಿದ್ದರು.

ಮೇಡಂ ಮೊದಲು ಪೂಜೆಯ ದಿನದ ದಾಖಲೆಯನ್ನು ಗೋಡೆಯ ಮೇಲಿನ ಪರದೆಗೆ ಹಾಕಿದರು. ಈ ಸಲ ಗೇಜ್ ಪೆಟ್ಟಿಗೆಯೊಂದನ್ನೇ ಅಲ್ಲ, ಎಲ್ಲ ಟ್ಯಾಗುಗಳನ್ನೂ. ಆಫೀಸಿನ ಕೆಲವರು ಪ್ರಯೋಗಕ್ಕೆಂದು ಕೊರಳ ಕಾರ್ಡಿನಲ್ಲಿ ಟ್ಯಾಗ್ ಹಾಕಿಕೊಂಡಿದ್ದರು, ಶ್ರೀಧರ್ ಸಾರ್ ಕೂಡ. ಮಂಗಳಾರತಿಯ ಹೊತ್ತಿಗೆ ಅವರ ಹೆಸರಿನ ಚುಕ್ಕೆ ಗೇಟು ದಾಟಿ, ರಸ್ತೆ ದಾಟಿ, ಎದುರುಗಡೆ ಹೋಗಿ ನಿಂತಿತು.

"ನಾನು ಇಲ್ಲೇ ಇದ್ದೆ. ಆರತಿ ತಗೊಂಡೆ" ಎಂದರು ಶ್ರೀಧರ್ ಸಾರ್.

"ಕಂಪ್ಯೂಟರ್ ಪ್ರಕಾರ ನೀವು ಬೀಡಾ ಅಂಗಡಿ ಹತ್ರ ಇದ್ರಿ ಸಾರ್" ಎಂದರು ಮೇಡಂ, ಮುಖದಲ್ಲಿ ಒಂದು ಗೆರೆಯೂ ಅಲ್ಲಾಡದಂತೆ.

ಹಿಂದಿನಿಂದ ಯಾರೋ ಕಿಸಕ್ಕೆಂದರು. ಆಮೇಲೆ ಇಡೀ ಶೆಡ್ಡು ನಕ್ಕಿತು. ಶ್ರೀಧರ್ ಸಾರ್ ಕೆಂಪಗಾಗಿ, ಕೊನೆಗೆ ಅವರೂ ನಕ್ಕರು.

ಹಾಗಾದರೆ ಗೇಜ್ ಪೆಟ್ಟಿಗೆ ನಿಜವಾಗಿ ಎಲ್ಲಿತ್ತು? ಮೇಡಂ ಲ್ಯಾಪ್‌ಟಾಪ್ ನೋಡುತ್ತ ತುಟಿ ಕಚ್ಚಿದರು. ಹಾಳಾದ ಕೂಗಿನಿಂದ ಸರಿಯಾದ ಜಾಗ ಲೆಕ್ಕ ಹಾಕಲು ಆಗುವುದಿಲ್ಲ ಎಂದರು. ನನ್ನ ಕೈ ತಾನಾಗಿಯೇ ಜೇಬಿಗೆ ಹೋಯಿತು. ಮೇಡಂ, ಒಂದ್ಸಲ ತಿರುಗ್ಲಾ ಎಂದು ಕೇಳಿದೆ.

ಅವರಿಗೆ ತಕ್ಷಣ ಅರ್ಥವಾಯಿತು. ಪ್ರಭಾವಳಿಗಳು ಹಬ್ಬದ ದಿನದಂತೆಯೇ ಇವೆ. ಈಗ ಟ್ಯಾಗ್ ಕಟ್ಟಿಕೊಂಡು ಒಂದೊಂದು ಗುರುತಿನ ಮೇಲೆ ನಿಂತರೆ, ಎಲ್ಲಿ ನಿಂತಾಗ ನನ್ನ ಚುಕ್ಕೆ ಗೇಟಿನ ಬಳಿಯ ಆ ಹಳೆಯ ಜಾಗದಲ್ಲೇ ಬಂದು ಕೂರುತ್ತದೋ, ಗೇಜ್ ಪೆಟ್ಟಿಗೆ ಅವತ್ತು ಇದ್ದದ್ದು ಅಲ್ಲೇ. ಸೊಂಟಕ್ಕೆ ಟ್ಯಾಗ್ ಬಿಗಿದೆ. ಗುರುತು ಹಾಕಿದೆ, ನಿಂತೆ, ತಿರುಗಿದೆ. ಮೇಡಂ ಇಲ್ಲ ಎಂದರು. ಮೂರು ಹೆಜ್ಜೆ, ಮತ್ತೆ ಗುರುತು, ಮತ್ತೆ ಸುತ್ತು. ಇಲ್ಲ. ನೂರಾರು ಜನ ಈಗ ನನ್ನ ಜೊತೆಗೇ ಗೊಣಗುಟ್ಟುತ್ತ ಮೂವತ್ತು ಎಣಿಸುತ್ತಿದ್ದರು. ಬದುಕಿನಲ್ಲಿ ಅಷ್ಟು ನಾಚಿಕೆಯೂ ಅಷ್ಟು ಸಂತೋಷವೂ ಒಟ್ಟಿಗೆ ನನಗೆ ಆಗಿದ್ದಿಲ್ಲ. ಹನ್ನೊಂದನೇ ಗುರುತಿನ ಮೇಲೆ ನಿಂತು ಪಶ್ಚಿಮಕ್ಕೆ ತಿರುಗಿದಾಗ ಮೇಡಂ ಕೈ ಎತ್ತಿ, ಅಲ್ಲಾಡ್ಬೇಡಿ ಎಂದರು. ಒಂದು ಚುಕ್ಕೆಯ ಮೇಲೆ ಇನ್ನೊಂದು ಕೂತಿತ್ತು.

ನಾನು ಕಾಲ ಕೆಳಗೆ ನೋಡಿದೆ. ಶಾಂತವ್ವ ಕಂಬ ಬಿಟ್ಟು ಮುಂದೆ ಬಂದರು.

"ಅದು ಪೂಜಿ ಪೀಠ ಇಟ್ಟ ಜಾಗಾರಿ. ನಾ ಅವತ್ತ ಹೇಳಿನಲ್ಲ, ಪೀಠದ ಮ್ಯಾಲೇ ಇತ್ತಂತ."

ಹಾಗಾದರೆ ಮಧ್ಯಾಹ್ನ ಕೂಗು ನಿಂತದ್ದೇಕೆ? ಕೂಗು ಪೂರ್ತಿ ನಿಲ್ಲಬೇಕಾದರೆ ಸುತ್ತಲೂ ಕಬ್ಬಿಣ ಇರಬೇಕು ಎಂದೆ. ನನ್ನ ಮಾತು ಮುಗಿಯುವ ಮೊದಲೇ ಶಾಂತವ್ವ ಕತ್ತು ತಿರುಗಿಸಿದ್ದರು. ಪೀಠದ ಜಾಗದಿಂದ ನಾಲ್ಕು ಹೆಜ್ಜೆಗೆ ಒಂದು ಉಕ್ಕಿನ ಬೀರು. ದೀಪ, ಗಂಟೆ, ದೇವರ ಪಟ ಅದರೊಳಗೆ ಇರುತ್ತವೆ. ವರ್ಷಕ್ಕೊಂದೇ ಸಲ, ಆಯುಧಪೂಜೆಗೆ ಮಾತ್ರ, ಅದರ ಬಾಗಿಲು ತೆರೆಯುವುದು. ಬೀಗ ಹಾಕಿದ್ದು ಯಾರು ಎಂದು ಮೇಡಂ ಕೇಳಿದರು. ಶ್ರೀಧರ್ ಸಾರ್ ತಮ್ಮ ಪ್ಯಾಂಟಿನ ಜೇಬಿನಿಂದ ಕೀಗೊಂಚಲು ತೆಗೆದರು.

ಬಸ್ಸಿಗೆ ಹೊತ್ತಾಯಿತೆಂದು ಅವತ್ತು ಅವರೇ ಅವಸರ ಮಾಡಿ, ಪೀಠದ ಕೆಂಪು ಬಟ್ಟೆಯ ನಾಲ್ಕು ತುದಿ ಹಿಡಿದು, ಮೇಲಿದ್ದುದನ್ನೆಲ್ಲ ಒಂದೇ ಗಂಟು ಕಟ್ಟಿ ಒಳಗೆ ನೂಕಿದ್ದರಂತೆ. ಗಂಟು ಬಿಚ್ಚಿದಾಗ ದೀಪ, ಗಂಟೆ, ಒಣಗಿದ ನಿಂಬೆಹಣ್ಣು, ಅವುಗಳ ನಡುವೆ ಹಣೆಗೆ ಕುಂಕುಮ ಇಟ್ಟುಕೊಂಡು ಗೇಜ್ ಪೆಟ್ಟಿಗೆ. ಬಾಗಿಲು ತೆರೆದ ಕೂಡಲೇ ನಾನಿಲ್ಲಿದ್ದೇನೆ ಎಂದು ಅದು ಕೂಗಿರಬೇಕು. ಪರದೆಯ ಮೇಲೆ ಅದರ ಚುಕ್ಕೆ ಎದ್ದಿತು, ಪ್ರಭಾವಳಿಯ ದಯೆಯಿಂದ ಸೀದಾ ಬೀಡಾ ಅಂಗಡಿಯ ಹತ್ತಿರ. ಜನ ನೆಲಕ್ಕೆ ಕೂತು ನಕ್ಕರು. ನಾನೂ ಕಣ್ಣಲ್ಲಿ ನೀರು ಬರುವವರೆಗೆ ನಕ್ಕೆ.

ಶಾಂತವ್ವ ನಗಲಿಲ್ಲ. ಪೆಟ್ಟಿಗೆಯನ್ನು ಸೆರಗಿನಿಂದ ಒರೆಸಿ, ತೆರೆದು, ಒಂದೊಂದೇ ಬಿಲ್ಲೆಯನ್ನು ಬೆರಳಿನಿಂದ ಮುಟ್ಟಿ ನೋಡಿದರು. ಎಲ್ಲ ಇದ್ದವು. ಆಮೇಲೆ ನನ್ನ ಹತ್ತಿರ ಬಂದರು. ನಾನು ಕೈ ಮುಗಿದೆ. ತಪ್ಪಾಯಿತು ಎಂದು ಹೇಳಿದೆ. ಅದನ್ನು ಅವರು ಕೇಳಿಸಿಕೊಂಡಂತೆ ಕಾಣಲಿಲ್ಲ.

"ಈ ಒಂಬತ್ತ ದಿನ ನೀವು ಉಂಡ್ರೇನ್ರಿ ಅಣ್ಣಾರ?"

"ಉಂಡೆ" ಎಂದೆ.

ಅವರು ತಲೆ ಅಲ್ಲಾಡಿಸಿ, ಪೆಟ್ಟಿಗೆ ಎತ್ತಿಕೊಂಡು ಸ್ಟೋರಿಗೆ ಹೋದರು. ಶ್ರೀಧರ್ ಸಾರ್ ಹಿಂದೆಯೇ ಹೋಗಿ ಬೀಗದ ಕೈಯನ್ನು ತಾವೇ ಕೊಟ್ಟು, ಮರುದಿನ ಶಿಫ್ಟಿನ ಆರಂಭದಲ್ಲಿ ಎಲ್ಲರ ಮುಂದೆ ಕ್ಷಮೆ ಕೇಳಿದರು. ಬೀರುವಿನ ನೆನಪು ಇದ್ದುದರಿಂದಲೋ ಏನೋ, ನನ್ನನ್ನು ಕೆಲಸದಿಂದ ತೆಗೆಸಲಿಲ್ಲ. ಸ್ಮಿತಾ ಮೇಡಂ ತಮ್ಮ ವರದಿಯನ್ನು ಹಿಂದಕ್ಕೆ ತೆಗೆದುಕೊಂಡರು. ಒಂದು ವಾರ ನನ್ನ ಜೊತೆ ಏಣಿಯ ವಿಷಯ ಬಿಟ್ಟು ಬೇರೆ ಮಾತಾಡಲಿಲ್ಲ. ಎಂಟನೇ ದಿನ ಒಂದು ಡಬ್ಬ ಸೀಮೆಸುಣ್ಣ ತಂದು ಲ್ಯಾಪ್‌ಟಾಪ್ ಚೀಲದೊಳಗೆ ಇಟ್ಟುಕೊಂಡರು.

ನಿವೃತ್ತಿಯ ಹಿಂದಿನ ವಾರ ಟ್ಯಾಗುಗಳ ಬ್ಯಾಟರಿ ಬದಲಿಸಲು ಕೊನೆಯ ಸಲ ಆ ಕಾರ್ಖಾನೆಗೆ ಹೋದೆ. ಪಟ್ಟಿ ನೋಡುತ್ತಿದ್ದಾಗ ಟೂಲ್ ಸ್ಟೋರಿನ ಮೂರನೇ ರ‍್ಯಾಕಿನಲ್ಲಿ ಒಂದು ಚುಕ್ಕೆ ಕಂಡಿತು. ಹೆಸರು, ಪ್ರಭಾವಳಿ. ಅವತ್ತು ಬಿಚ್ಚಿದ ಮೇಲೆ ಅವು ಕಸಕ್ಕೆ ಹೋಗಿರಬೇಕೆಂದು ನಾನು ತಿಳಿದಿದ್ದೆ. ಸ್ಟೋರಿಗೆ ಹೋಗಿ ನೋಡಿದರೆ ಮೂರನೇ ಪೆಟ್ಟಿಗೆಯದು, ಎಲ್ಲಕ್ಕಿಂತ ದೊಡ್ಡದು, ಸಿಂಹದ ಮುಖ ಸ್ವಲ್ಪ ನಜ್ಜಾಗಿ ಅಲ್ಲಿ ನಿಂತಿತ್ತು. ಲೋಹಕ್ಕೆ ಅಂಟಿಸಿದರೆ ಟ್ಯಾಗು ಬಾಯಿ ಮುಚ್ಚುತ್ತದೆಂದು ಶಾಂತವ್ವ ಕಲಿತುಬಿಟ್ಟಿದ್ದರು. ಉದ್ದನೆಯ ದಾರ ಕಟ್ಟಿ ಟ್ಯಾಗನ್ನು ದೂರ ಇಳಿಬಿಟ್ಟಿದ್ದರು.

ಬ್ಯಾಟರಿ ಬದಲಿಸಿದೆ. ನನ್ನದೇ ಕೈಕೆಲಸ, ಮನೆಗೆ ತೆಗೆದುಕೊಂಡು ಹೋಗಲಾ ಎಂದು ಮೆಲ್ಲಗೆ ಕೇಳಿದೆ.

"ಕೊಡಂಗಿಲ್ರಿ ಅಣ್ಣಾರ. ಇದು ಎಲ್ಲೈತಿ ಅಂತ ನನಗ ಯಾವಾಗ್ಲೂ ಗೊತ್ತಿರಬೇಕು."

ಸರಿ ಎಂದು ಹೊರಟವನನ್ನು ಮತ್ತೆ ಕರೆದರು. ಮೇಜಿನ ಖಾನೆಯಿಂದ ಕಾಗದದ ಪೊಟ್ಟಣವೊಂದನ್ನು ತೆಗೆದು ಬಿಚ್ಚಿದರು. ಒಳಗೆ ಸೀಮೆಸುಣ್ಣದ ತುಂಡು. ಹನ್ನೊಂದನೇ ಗುರುತಿನ ಹತ್ತಿರ ಆ ದಿನ ನನ್ನ ಕೈಯಿಂದ ಜಾರಿದ್ದು. ಇದು ನಿಮ್ಮದು, ಒಯ್ಯಿರಿ ಎಂದು ರಿಜಿಸ್ಟರನ್ನು ನನ್ನ ಮುಂದೆ ತಿರುಗಿಸಿದರು. ವಸ್ತು, ಪಡೆದವರು, ಸಹಿ. ಎಲ್ಲ ತುಂಬಿದೆ. ವಾಪಸ್ ಕೊಡುವ ದಿನ ಎಂಬ ಕಡೆಯ ಕಾಲಮ್ಮಿಗೆ ಬಂದು, ಇಲ್ಲೇನು ಬರೆಯಲಿ ಎಂದು ಕೇಳಿದೆ.

"ಖಾಲಿ ಬಿಡ್ರಿ" ಎಂದರು ಶಾಂತವ್ವ.